ಹಂಡೆ ನೀರು

"ಇದು ಬಿಸಿ ಇದೆಯಲ್ಲೇ ನಾಗವೇಣಿ!" ಸೀತಕ್ಕ ಇನ್ಸುಲಿನ್ ಬಾಟಲಿಯನ್ನು ಕೆನ್ನೆಗೆ ಒತ್ತಿ ನೋಡಿದರು. "ಫ್ರಿಜ್ಜಿಂದ ತಂದಿದ್ದು ಹೌದಾ?"

ಸೀತಕ್ಕ ಆಸ್ಪತ್ರೆಯ ನರ್ಸು. ಸಕ್ಕರೆ ಕಾಯಿಲೆಯ ಮಕ್ಕಳನ್ನು ವಾರ್ಡಿನಲ್ಲಿ ಕೊಳೆಹಾಕದೆ ಮನೆಯಲ್ಲೇ ನೋಡಿಕೊಳ್ಳುವುದನ್ನು ತಾಯಂದಿರಿಗೆ ಕಲಿಸಲು ಮುತ್ತಿನಕೊಪ್ಪಕ್ಕೆ ಬರುತ್ತಿದ್ದರು. ಆಸ್ಪತ್ರೆಯಲ್ಲಿ ಇದು ಹೊಸ ಏರ್ಪಾಡು. ಎಂಟು ವರ್ಷದ ನಿಶ್ಚಿತಾಳಿಗೆ ನಾಗವೇಣಿಯೇ ಸೂಜಿ ಚುಚ್ಚುತ್ತಿದ್ದಳು, ಅಳತೆ ತಪ್ಪದೆ. ಆದರೂ ಮಗು ಸೊರಗುತ್ತಿತ್ತು, ಎಷ್ಟು ನೀರು ಕುಡಿದರೂ ಬಾಯಾರಿಕೆ ಎನ್ನುತ್ತಿತ್ತು. ಬೆಲ್ಲ ಕದ್ದು ತಿನ್ನುತ್ತಿದ್ದಾಳೆಂದು ನಿನ್ನೆಯಷ್ಟೇ ನಾಗವೇಣಿ ಮಗಳ ಕೆನ್ನೆಗೆ ಬಾರಿಸಿದ್ದಳು.

ಬಾಟಲಿ ಇರುತ್ತಿದ್ದದ್ದು ಪಕ್ಕದ ಮನೆಯಲ್ಲಿ, ಕೋಳಿ ಅಂಗಡಿಯ ಮಹಮ್ಮದ್ ಶಫಿಯ ಫ್ರಿಜ್ಜಿನಲ್ಲಿ. ಆ ಸಾಲಿಗೆಲ್ಲ ಇದ್ದದ್ದು ಅದೊಂದೇ ಫ್ರಿಜ್ಜು. ಬೆಳಿಗ್ಗೆ ಎದ್ದು ಹೋಗಿ ತರುವುದು ನಿಶ್ಚಿತಾಳ ಕೆಲಸ.

"ಅಜ್ಜಿ ಹಂಡೆ ನೀರಲ್ಲಿ ಅದ್ದಿ ಕೊಡ್ತಾರೆ. ದಿನಾನೂ," ಎಂದಿತು ಮಗು. ನಾಗವೇಣಿ ಒಲೆ ಕೆಲಸ ಮುಗಿಸಿ ಬರುವ ಹೊತ್ತಿಗೆ ಬಾಟಲಿ ಆರಿರುತ್ತಿತ್ತು.

ಬಚ್ಚಲ ಬಾಗಿಲಲ್ಲಿ ನಿಂತಿದ್ದ ಅತ್ತೆ ಗಿರಿಯಮ್ಮ ತಲೆಯನ್ನೇನೂ ತಗ್ಗಿಸಲಿಲ್ಲ. "ಮತ್ತೆಂತ ಮಾಡ್ಬೇಕಿತ್ತು? ಕೋಳಿ ಪಕ್ಕ ಕೂತಿದ್ದನ್ನ ಹಂಗೇ ಮಗಿನ ಮೈಗೆ ಹಾಕದಾ? ಕುದಿಯೋ ನೀರಲ್ಲಿ ಬಿಟ್ಟು ಶುದ್ಧ ಮಾಡ್ತಿದ್ದೆ."

"ಬಿಸಿಗೆ ಮದ್ದೇ ಕೆಟ್ಟೋಗುತ್ತೆ ಅಜ್ಜಿ. ಇಷ್ಟು ದಿನ ಬರೀ ನೀರು ಚುಚ್ಚಿದಂಗಾಯ್ತು. ಹಿಂಗೇ ಬಿಟ್ಟಿದ್ರೆ ಮಗು ಕೈಗೆ ಸಿಕ್ತಿರ್ಲಿಲ್ಲ."

"ಎಂತದೋ. ನಮ್ಮನೆ ಮಡಿ ನಮಗೆ."

ನಾಗವೇಣಿಗೆ ಹೇಸಿಗೆಯಾಯಿತು. ಅತ್ತೆಯ ಒದ್ದೆ ಕೈ, ಮಸಿ ಹಿಡಿದ ಹಂಡೆ, ಹಣೆಯ ವಿಭೂತಿ, ಯಾವುದನ್ನೂ ನೋಡಲಾಗಲಿಲ್ಲ. ನಿನ್ನೆ ಹೊಡೆದ ತನ್ನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅದೂ ಅಸಹ್ಯವೆನಿಸಿತು.

ಸೀತಕ್ಕ ಚೀಲದಿಂದ ಹೊಸ ಬಾಟಲಿ ತೆಗೆದರು. "ಸಂಜೆ ಮತ್ತೆ ಬಂದು ನೋಡ್ತೀನಿ. ಸಕ್ಕರೆ ಇಳೀದಿದ್ರೆ ವಾರ್ಡೇ ಗತಿ."

ನಾಗವೇಣಿ ಬಾಟಲಿ, ಸಿರಿಂಜು, ಮಗಳ ಕೈ ಎಲ್ಲವನ್ನೂ ಹಿಡಿದು ಸೀದಾ ಬೇಲಿ ದಾಟಿದಳು. ಶಫಿಯ ಹೆಂಡತಿ ಫಕ್ರುನ್ನೀಸಾ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಫಕ್ರುನ್ನೀಸಕ್ಕ, ಇನ್ಮೇಲೆ ಇಲ್ಲೇ ಬಂದು ಚುಚ್ತೀನಿ. ಆಗ್ಬೋದಾ?"

"ಕೇಳೋದೆಂತ ಮಾರಾಯ್ತಿ! ಕೂತ್ಕೋ."

ಸೂಜಿ ಹಾಕಿದ್ದಾಯಿತು. ಮಗು ಮುಖ ಹಿಂಡಿತು, ಅಳಲಿಲ್ಲ. ಫಕ್ರುನ್ನೀಸಾ ಎಂದಿನಂತೆ ಸ್ಟೀಲ್ ಚೊಂಬಿನಲ್ಲಿ ನೀರು ತಂದಿಟ್ಟಳು, ಬೇಡವೆನ್ನುತ್ತಾಳೆಂದು ಗೊತ್ತಿದ್ದೂ. ಇಷ್ಟು ವರ್ಷ ನಾಗವೇಣಿಯದು ಒಂದೇ ಮಾತು, ಈಗಷ್ಟೇ ಕುಡಿದು ಬಂದೆ.

"ಏ ನಾಗವೇಣೀ!" ಬೇಲಿಯಾಚೆಯಿಂದ ಗಿರಿಯಮ್ಮ ಕೂಗಿದರು.

ನಾಗವೇಣಿ ಚೊಂಬೆತ್ತಿ ಅರ್ಧ ಕುಡಿದಳು. ಉಳಿದದ್ದನ್ನು ಮಗಳ ಮುಂದೆ ಹಿಡಿದಳು. ಮಗು ಒಮ್ಮೆ ಬೇಲಿಯ ಕಡೆ ನೋಡಿತು. ಆಮೇಲೆ ಎರಡೂ ಕೈಯಲ್ಲಿ ಚೊಂಬು ಹಿಡಿದು ಗಟಗಟ ಕುಡಿಯಿತು.