ಮೂರನೇ ಕೋರ್ಟಿನ ಸ್ಟೆನೋ

"ಈಗ ಬಿಡಿ," ಅಂದಳು ಫಿಸಿಯೋ.

"ಬಿಟ್ಟೆ."

ಸ್ನಾಯುವಿನ ಬಿಗಿತ ತೋರಿಸುವ ಪರದೆಯ ಮೇಲಿನ ಹಸಿರು ಗೆರೆ ಮಾತ್ರ ಹತ್ತಿದ ಗುಡ್ಡ ಇಳಿಯಲೊಲ್ಲದೆ ಅಲ್ಲೇ ಕೂತಿತ್ತು.

"ಇಲ್ಲ ಅಕ್ಕಾ, ಬಿಟ್ಟಿಲ್ಲ. ಹಿಡಿಯೋದ್ರಲ್ಲಿ ನೂರಕ್ಕೆ ನೂರು, ಬಿಡೋದ್ರಲ್ಲಿ ಸೊನ್ನೆ. ಒಂದು ಲಿಫ್ಟ್ ನಿಧಾನಕ್ಕೆ ಕೆಳಗಿಳೀತಿದೆ ಅಂದ್ಕೊಳ್ಳಿ."

"ನಮ್ಮ ಕೋರ್ಟಿನ ಲಿಫ್ಟ್ ಕೆಟ್ಟು ಆರು ವರ್ಷ ಆಯ್ತು ಕಣಮ್ಮ."

ಫಿಸಿಯೋ ನಕ್ಕಳು. ಮತ್ತೆ ಪರದೆ ನೋಡಿ ನಗು ನಿಲ್ಲಿಸಿದಳು. ಎಲ್ಲರಿಗೂ ಬಸುರಿನಲ್ಲಿ ಸಡಿಲವಾಗುತ್ತದೆ ಎನ್ನುವ ಆ ತಳದ ಸ್ನಾಯು, ಮೂತ್ರಕೋಶವನ್ನೂ ಗರ್ಭಕೋಶವನ್ನೂ ಜೋಳಿಗೆಯ ಹಾಗೆ ಹೊತ್ತಿರುವುದು, ಈ ಸ್ಟೆನೋಳಲ್ಲಿ ಕೆಲಸಕ್ಕೆ ಸೇರಿದ ಹನ್ನೊಂದು ವರ್ಷದಿಂದ ಬಿಗಿದುಕೊಂಡೇ ಇದ್ದು ಬಿಚ್ಚಿಕೊಳ್ಳುವುದನ್ನೇ ಮರೆತಿತ್ತು. ಹೆರುವಾಗಿನ ಹಾಗೆ ಮುಕ್ಕಿ ಅಂದರೆ ಇನ್ನಷ್ಟು ಬಿಗಿಯುತ್ತಿತ್ತು.

"ಹೆರಿಗೆ ಹೊತ್ತಲ್ಲಿ ಮಗು ಹೊರಗೆ ಬರ್ತೀನಿ ಅಂದ್ರೆ ನೀವು ಬಾಗಿಲಿಗೆ ಒರಗಿ ನಿಂತುಬಿಡ್ತೀರಿ. ಇನ್ನೈದು ವಾರ ಇದೆ. ಒಂದಕ್ಕೆ ಬಂದ ತಕ್ಷಣ ಹೋಗಿ, ಆರಾಮಾಗಿ ಕೂತ್ಕೊಳ್ಳಿ, ತಾನಾಗೇ ಬಿಡ್ಲಿ. ತಡ್ಕೋಬೇಡಿ. ಆ ಬಿಟ್ಟ ಅನುಭವ ಒಂದ್ಸಲ ಗುರುತು ಸಿಕ್ರೆ ಸಾಕು, ಮುಂದಿನದು ನಾನು ಹೇಳಿಕೊಡ್ತೀನಿ."

ಹೇಳುವವರಿಗೇನು. ಕೋರ್ಟಿನಲ್ಲಿ ವಕೀಲರು ಎದ್ದು ಹೋಗಬಹುದು, ಕೊಲೆ ಆರೋಪಿ ಕೂಡ ಪೊಲೀಸರನ್ನು ಜೊತೆಗಿಟ್ಟುಕೊಂಡು ಹೋಗಿ ಹಗುರಾಗಿ ಬರಬಹುದು. ಆಡಿದ ಮಾತನ್ನು ಆಡಿದ ಹಾಗೆ ಟೈಪು ಮಾಡುವ ಸ್ಟೆನೋ ಎದ್ದರೆ ಮಾತ್ರ ಕಲಾಪವೇ ನಿಲ್ಲುತ್ತದೆ. ಇವಳು ಕೆಲಸಕ್ಕೆ ಸೇರಿದ ದಿನ ಹಿರಿಯ ಸ್ಟೆನೋ ಹೇಳಿಕೊಟ್ಟ ಮೊದಲ ಪಾಠ ಬೆರಳಿನದಾಗಿರಲಿಲ್ಲ. "ಬೆಳಗ್ಗೆ ನೀರು ಕುಡೀಬೇಡ. ಬಾಯಿ ಮುಕ್ಕಳಿಸಿ ಉಗಿ."

ಮನೆಯಲ್ಲಿ ಅತ್ತೆಗೆ ಇದೆಲ್ಲ ತಮಾಷೆ. "ನಾವು ಹೊಲಿಗೆ ಮೆಷಿನ್ ಬಿಟ್ಟೆದ್ದು ಹೋಗಿ ಹೆತ್ವಿ. ನಿಮಗೆ ಇದಕ್ಕೂ ಟ್ಯೂಷನ್ನಾ?"

ಮರುದಿನ ಬೆಳಗ್ಗೆ ಅವಳು ಬೆಂಚ್ ಕ್ಲರ್ಕನ್ನು ಹಿಡಿದಳು. ಜನ ಪಿಸುಗುಟ್ಟಿದರೆ ಸಾಕು 'ಶ್' ಎನ್ನುವ ಆತನಿಗೆ ಇಡೀ ಕೋರ್ಟು ಇಟ್ಟ ಹೆಸರು ಗಪ್‌ಚಿಪ್ಪಣ್ಣ.

"ಅಣ್ಣಾ, ಗಂಟೆಗೊಂದ್ಸಲ ಐದು ನಿಮಿಷ ಬಿಡುವು ಕೊಡಿ ಅಂತ ಸಾಹೇಬ್ರನ್ನ ಕೇಳೋಣ ಅಂತಿದ್ದೀನಿ."

"ಕೇಳಮ್ಮ, ತಪ್ಪೇನಿಲ್ಲ. ಇವತ್ತು ಮಾತ್ರ ಬೇಡ. ಆ ಲಾಂಡ್ರಿ ಬೆಂಕಿ ಕೇಸು. ಬೆಂಕಿಯಿಂದ ಬದುಕಿ ಬಂದ ಆ ಹುಡುಗಿ ಎರಡು ಸಲ ಸಾಕ್ಷಿಕಟ್ಟೆ ಹತ್ತಿ ತುಟಿ ಬಿಚ್ಚದೆ ಇಳಿದು ಹೋಗಿದ್ದಾಳೆ. ಇವತ್ತೂ ಹಾಗೇ ಆದ್ರೆ ಮಾಲೀಕ ಮೀಸೆ ತಿರುವ್ಕೊಂಡು ಮನೆಗೆ ಹೋಗ್ತಾನೆ."

"ನಾಳೆ ಕೇಳ್ಲಾ?"

"ನಾಳೆ ನಾನೇ ಕೇಳ್ತೀನಿ, ಹೋಗು."

ಹನ್ನೊಂದಕ್ಕೆ ಕಲಾಪ ಶುರುವಾಯಿತು. ಸಾಕ್ಷಿಕಟ್ಟೆಯಲ್ಲಿ ನಿಂತ ಹುಡುಗಿ ಕಂಬಿಯನ್ನೇ ನೋಡುತ್ತಿದ್ದಳು. ಸರ್ಕಾರಿ ವಕೀಲರು ಒಂದೇ ಪ್ರಶ್ನೆಯನ್ನು ಐದು ಥರ ಕೇಳಿದರು. ಸ್ಟೆನೋ ಐದೂ ಸಲ ಪ್ರಶ್ನೆಯನ್ನು ಟೈಪು ಮಾಡಿ, ಉತ್ತರದ ಜಾಗದಲ್ಲಿ 'ಸಾಕ್ಷಿ ಮೌನ' ಎಂದು ಹಾಕಿದಳು. ಬಸುರಾದ ಮೇಲೆ ಹಳೆಯ ಪಾಠ ಬಿಟ್ಟು, ಡಾಕ್ಟರು ಹೇಳಿದಷ್ಟು ನೀರನ್ನು ಲೆಕ್ಕವಿಟ್ಟು ಕುಡಿದೇ ಬಂದಿದ್ದಳು; ಕುಡಿಸಿದ್ದು ನಾನೇ ಎಂಬಂತೆ ಹೊಟ್ಟೆಯೊಳಗಿನ ಮಗು ಒಮ್ಮೆ ಒದ್ದಿತು. ಹನ್ನೆರಡೂಕಾಲಿಗೆ ಇನ್ನು ಆಗುವುದಿಲ್ಲ ಅನ್ನಿಸಿತು. ಬೆರಳು ಕೀಲಿಗಳಿಂದ ಮೇಲಕ್ಕೆದ್ದವು. ಅವಳು ಕೈ ಎತ್ತಿದಳು, ಹನ್ನೊಂದು ವರ್ಷದಲ್ಲಿ ಮೊದಲ ಸಲ.

"ಬೀಗ ಹೊರಗಡೆಯಿಂದ ಹಾಕಿತ್ತು," ಅಂದಳು ಹುಡುಗಿ.

ನ್ಯಾಯಾಧೀಶರು ಮುಂದಕ್ಕೆ ಬಾಗಿದರು. ಎತ್ತಿದ ಕೈಯನ್ನು ಕಂಡವನು ಗಪ್‌ಚಿಪ್ಪಣ್ಣ ಒಬ್ಬನೇ. ಬೇಡ ತಾಯಿ, ಎಂದು ಕಣ್ಣಲ್ಲೇ ಕೈಮುಗಿದ. ಕೈ ಕೆಳಗಿಳಿದು ಕೀಲಿಗಳ ಮೇಲೆ ಕೂತಿತು.

"ಒಂದಕ್ಕೆ ಹೋಗ್ಬೇಕಂದ್ರೂ ಮೇಸ್ತ್ರಿ ಬಂದು ತೆಗೀಬೇಕಿತ್ತು. ಅವತ್ತು ಮೇಸ್ತ್ರಿ ಊಟಕ್ಕೆ ಹೋಗಿದ್ದ. ನಾನೂ ಇನ್ನೊಬ್ಳೂ ಬಾಗಿಲು ಬಡಿದ್ವಿ. ನಾನು ಕಿಟಕಿಗೆ ಹೋದೆ. ಅವಳು ಬಾಗಿಲು ಬಡೀತಾನೇ ಇದ್ಳು."

ನಲವತ್ತು ನಿಮಿಷ. ಕಟ್ಟೆಯೊಡೆದ ಹಾಗೆ ಬಂದ ಮಾತನ್ನು ಸ್ಟೆನೋ ಒಂದಕ್ಷರ ಬೀಳದಂತೆ ಹಿಡಿದಳು. ತೊಡೆ ಬಿಗಿದು, ಹಲ್ಲು ಕಚ್ಚಿ, ಕಾಲ್ಬೆರಳನ್ನು ಚಪ್ಪಲಿಯೊಳಗೆ ಮಡಚಿ ಹಿಡಿದಳು. ಹುಡುಗಿ ಗೆಳತಿಯ ಹೆಸರು ಹೇಳಹೋಗಿ ನಿಂತಳು. ಒಣಗಿದ ತುಟಿ ಸವರಿಕೊಂಡಳು.

"ನೀರು ಕೊಡಿ," ಅಂದರು ನ್ಯಾಯಾಧೀಶರು.

ಸೂಜಿ ಬಿದ್ದರೂ ಕೇಳುವ ಕೋಣೆಯಲ್ಲಿ ಹೂಜಿಯಿಂದ ಲೋಟಕ್ಕೆ ನೀರು ಸುರಿಯಿತು. ನಿಧಾನವಾಗಿ, ಉದ್ದಕ್ಕೆ, ಗುಳುಗುಳು ಎಂದು. ಹುಡುಗಿ ಕುಡಿದಳು. ಹೆಸರು ಹೇಳಿದಳು.

ಆ ಹೆಸರನ್ನು ಟೈಪು ಮಾಡುತ್ತಿರುವಾಗಲೇ ಸ್ಟೆನೋಗೆ ಕೆಳಗೆ ಬಿಸಿ ಹಬ್ಬಿದ್ದು ತಿಳಿಯಿತು. ಮೊದಲು ಅನಿಸಿದ್ದು ನಾಚಿಕೆಯಲ್ಲ, ಆಶ್ಚರ್ಯ. ಅವಳು ತಳ್ಳಿರಲಿಲ್ಲ, ಸೋತು ಕೈಚೆಲ್ಲಿಯೂ ಇರಲಿಲ್ಲ. ಎಲ್ಲೋ ಬೆನ್ನಮೂಳೆಯ ತುದಿಯಲ್ಲಿ ಏನೋ ಅಗಲವಾಗಿ, ಮೆತ್ತಗೆ, ತನ್ನ ಪಾಡಿಗೆ ತಾನು ಕೆಳಗಿಳಿಯಿತು. ಉಸಿರು ಅಲ್ಲಿಯ ತನಕ ಹೋಯಿತು. ಇಷ್ಟೇನಾ? ಇದೇನಾ ಫಿಸಿಯೋ ಹೇಳಿದ ಆ ಬಿಡೋದು? ಬೆರಳು ಮಾತ್ರ ನಿಲ್ಲಲಿಲ್ಲ.

ನಾಚಿಕೆ ಆಮೇಲೆ ಬಂತು, ಬಡ್ಡಿ ಸಮೇತ. ನ್ಯಾಯಾಧೀಶರು ಕಡತ ಮುಚ್ಚಿ ಎದ್ದರು. ಅವರು ಎದ್ದರೆ ಎಲ್ಲರೂ ಏಳಬೇಕು. ಬೆಂಚುಗಳು ಕಿರುಗುಟ್ಟಿ ಕೋಣೆಗೆ ಕೋಣೆಯೇ ಎದ್ದು ನಿಂತಿತು. ಸ್ಟೆನೋ ಕೂತೇ ಇದ್ದಳು.

"ಏಳಮ್ಮ," ಎಂದು ಗಪ್‌ಚಿಪ್ಪಣ್ಣ ಹಲ್ಲಿನ ಸಂದಿಯಲ್ಲಿ ಹೇಳಿದ.

"ಆಗಲ್ಲ ಅಣ್ಣಾ."

ನ್ಯಾಯಾಧೀಶರು ತಿರುಗಿದರು. "ಏನಾಯ್ತು?"

ಹೊಟ್ಟೆನೋವು ಎನ್ನಬಹುದಿತ್ತು, ಕಾಲು ಜೋಮು ಎನ್ನಬಹುದಿತ್ತು. "ತಡ್ಕೊಳ್ಳೋಕಾಗ್ಲಿಲ್ಲ ಸರ್. ಒಳಗೆ ಬರೋ ಮುಂಚೆಯಿಂದ ಐದು ನಿಮಿಷ ಬಿಡುವು ಕೇಳ್ಬೇಕು ಅಂತಿದ್ದೆ."

ಅವರು ಅವಳ ಕುರ್ಚಿಯ ಕಾಲನ್ನು ನೋಡಿ, ತಟ್ಟನೆ ಗೋಡೆ ನೋಡಿದರು. ಕಡತವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತಮ್ಮ ಕೋಣೆಗೆ ಹೋದರು.

ಗಪ್‌ಚಿಪ್ಪಣ್ಣ ಉಳಿದವರನ್ನೆಲ್ಲ ಕುರಿ ಹೊಡೆದ ಹಾಗೆ ಹೊರಗೆ ಹೊಡೆದು, ಬಾಗಿಲಿಗೆ ಅಡ್ಡವಾಗಿ, ಅವಳಿಗೆ ಬೆನ್ನು ಹಾಕಿ ನಿಂತ. "ಗುಡಿಸೋ ಅಮ್ಮನ ಹತ್ರ ಸೀರೆ ಇರತ್ತೆ, ಹೇಳಿ ಕಳಿಸಿದೀನಿ. ಅಲ್ಲೀತನಕ ಅಲ್ಲಾಡಬೇಡ." ಛತ್ರಿ ಮರೆತ ವಕೀಲನೊಬ್ಬ ಇಣುಕಿದ್ದಕ್ಕೆ, "ನಾಳೆ ಬನ್ರೀ!" ಎಂದು ಗದರಿದ.

ಒದ್ದೆ ತಣ್ಣಗಾಗುತ್ತಿತ್ತು. ಅಷ್ಟೂ ಕಣ್ಣು ತನ್ನ ಮೇಲೆ ಬಿದ್ದ ಕ್ಷಣವೇ ಒಳಗೆಲ್ಲ ಮತ್ತೆ ಗಂಟಿಕ್ಕಿಕೊಂಡಿತ್ತು. ಏಳುವಂತಿಲ್ಲ, ಹೋಗುವಂತಿಲ್ಲ. ಅವಳು ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟು ಕಣ್ಣುಮುಚ್ಚಿದಳು. ಆಗ ಆ ಸ್ನಾಯು ಸಡಿಲಿ ಇಳಿದದ್ದು ಎಲ್ಲಿ, ಹೇಗೆ ಎಂದು ಉಸಿರಿನಿಂದಲೇ ತಡಕಿದಳು. ಸಿಕ್ಕಿತು. ಹೊರಗೆ ಯಾರೋ ನಕ್ಕರು, ತಪ್ಪಿಹೋಯಿತು.

ಮೊದಲಿನಿಂದ ಹುಡುಕತೊಡಗಿದಳು.