ಅಜ್ಜಿಯ ಮುಖದ ಮಡಕೆ

ಬಂಗಾರಪೇಟೆಯ ಆ ಹೊಸ ಮನೆಯ ಬಾಗಿಲ ಮೇಲೆ ತನ್ನ ಅಜ್ಜಿಯ ಮುಖ ತೂಗಾಡುತ್ತಿದ್ದುದನ್ನು ಕಂಡು ಲಿಖಿತಳ ಮೈ ಉರಿದುಹೋಯಿತು. ಮೂಗಿನ ಕೆಳಗೆ ಸುಣ್ಣದ ಮೀಸೆ, ತುಟಿಗೆ ಕುಂಕುಮದ ನಾಲಿಗೆ, ಕೊರಳಿಗೆ ಮೆಣಸಿನಕಾಯಿ ಸರ! ಒಳಗೆ ನಡುಮನೆಯಲ್ಲಿ ಮನೆಯೊಡೆಯನ ಅಜ್ಜಿಯ ಫೋಟೊ ಮಾತ್ರ ಮಲ್ಲಿಗೆ ಹಾರ ಹಾಕಿಕೊಂಡು ಕೂತಿತ್ತು.

ಲಿಖಿತ ಯಲ್ಲಾಪುರದ ಕಡೆಯ ಸಿದ್ದಿ ಹುಡುಗಿ, ಆಫ್ರಿಕಾದಿಂದ ಹಡಗಿನಲ್ಲಿ ಹಿಡಿದು ತಂದ ಗುಲಾಮರ ವಂಶ. ಆಫ್ರಿಕಾದಲ್ಲಿ ಮಾಡುವ ಮುಖದ ಮಡಕೆಗಳ ಚಿತ್ರ ನೋಡಿ ನೋಡಿ ಕಲಿತು, ಬಂಗಾರಪೇಟೆ ಹತ್ತಿರದ ಕೋರಮಂಡಲ್‌ನ ಬಾಡಿಗೆ ಕೋಣೆಯಲ್ಲಿ ಮಣ್ಣು ತುಳಿದು, ತೀರಿಹೋದ ಅಜ್ಜಿಯನ್ನು ಮಡಕೆಯ ಮೇಲೆ ತಂದಿದ್ದಳು. ಗುಂಗುರು ಕೂದಲಿಗೇ ಒಂದು ವಾರ ಹಿಡಿದಿತ್ತು. ಅಜ್ಜಿಯದೊಂದು ಫೋಟೊ ಕೂಡ ಇರಲಿಲ್ಲ. ಉಳಿದಿದ್ದ ಮುಖ ಇದೊಂದೇ. ಸುಡಲೆಂದು ಬೂದಿಕೋಟೆಯ ಕುಂಬಾರ ಕೋದಂಡಪ್ಪನ ಆವಿಗೆಗೆ ಕೊಟ್ಟಿದ್ದಳು. ತರಲು ಹೋದಾಗ ಅವನು ಗೃಹಪ್ರವೇಶದ ಊಟಕ್ಕೆ ಹೋಗಿದ್ದಾನೆಂದು ತಿಳಿದು ಇಲ್ಲಿಗೆ ಬಂದಿದ್ದಳು.

ಎಲೆ ಮುಂದೆ ಕೂತಿದ್ದ ಕೋದಂಡಪ್ಪನ ತುತ್ತು ಅಲ್ಲೇ ನಿಂತಿತು. "ಕರ್ರಗೈತೆ, ಕಣ್ಣು ದಪ್ಪಗವೆ. ದಿಷ್ಟಿ ಬೊಂಬೆ ಅಂದ್ಕೊಂಡು ಇವ್ರಿಗೆ ಕೊಟ್ಬುಟ್ಟೆ ಕಣವ್ವ. ನಿಂಗೆ ಬೇರೆ ಮಾಡ್ಕೊಡ್ತೀನಿ."

"ಅದು ನಮ್ಮಜ್ಜಿ!"

ಊಟದ ಸಾಲೆಲ್ಲ ಘೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಮನೆಯೊಡೆಯ ದೊಡ್ಡವೆಂಕಟಪ್ಪ. "ನಿಮ್ಮಜ್ಜೀನಾ? ಎಂಥಾ ಕೆಟ್ಟ ಕಣ್ಣಾದ್ರೂ ಓಡೋಗ್ತದೆ ಬುಡು! ಇವತ್ತು ಇಳಿಸಂಗಿಲ್ಲ. ಉಂಡು ಓಗಮ್ಮ."

ಉಂಡು ಹೋಗೆಂಬ ಆ ದೊಡ್ಡಸ್ತಿಕೆ ಅವಳಿಗೆ ನಗುವಿಗಿಂತ ಹೆಚ್ಚು ಚುಚ್ಚಿತು. ತೋರಣ ಕಟ್ಟಿದವರು ಬಿಟ್ಟಿದ್ದ ಏಣಿ ಹತ್ತಿ ಹಗ್ಗ ಬಿಚ್ಚಿದಳು. ದೊಡ್ಡವೆಂಕಟಪ್ಪ ಓಡಿಬಂದು ಏಣಿ ಅಲುಗಿಸಿದ. "ಇಳೀಲೇ ಕೆಳಕ್ಕೆ! ಕೈ ಮುರೀತೀನಿ!"

ಲಿಖಿತ ಮಡಕೆಯನ್ನು ತಲೆಯ ಮೇಲೆತ್ತಿ ಹಿಡಿದಳು. "ಮುಟ್ಟಿ ನೋಡಿ. ನಿಮ್ಮ ಹೊಸಿಲ ಮೇಲೇ ಒಡೀತೀನಿ."

ನಗು ನಿಂತುಹೋಯಿತು. ಮಡಕೆ ಒಡೆಯುವುದು ಹೆಣದ ಮುಂದೆ. ಗೃಹಪ್ರವೇಶದ ದಿನ ಹೊಸಿಲಲ್ಲಿ ಒಡೆದರೆ ಆ ಮನೆಯಲ್ಲಿ ಯಾರು ತಾನೇ ನೆಮ್ಮದಿಯಾಗಿ ಮಲಗಿಯಾರು? ಲಿಖಿತ ಮಡಕೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಒಡೆದರೆ ಅಜ್ಜಿ ಮತ್ತೆ ಸಿಗುವುದಿಲ್ಲ. ಆ ಹೆದರಿಕೆ ಅವಳಿಗೊಬ್ಬಳಿಗೇ ಗೊತ್ತಿತ್ತು.

ದೊಡ್ಡವೆಂಕಟಪ್ಪ ಏಣಿಯಿಂದ ಕೈ ತೆಗೆದ. "ಬ್ಯಾಡ ತಾಯಿ, ಕೈ ಮುಗೀತೀನಿ. ತಗೊಂಡೋಗು."

ಏಣಿ ಇಳಿದು, ಮೆಣಸಿನಕಾಯಿ ಸರ ಕಿತ್ತೆಸೆದು, ದುಪಟ್ಟಾದಿಂದ ಅಜ್ಜಿಯ ಮೀಸೆ ಒರೆಸುತ್ತ ಅವಳು ಗೇಟು ದಾಟಿದಳು.

"ಈಗ ಬಾಗ್ಲಿಗೆ ಏನ್ ಕಟ್ಲಿ?" ಹಿಂದಿನಿಂದ ಅವನು ಕೂಗಿದ.

"ಒಳಗೆ ನಿಮ್ಮಜ್ಜಿ ಫೋಟೊ ಇದೆಯಲ್ಲ," ಅಂದಳು ಲಿಖಿತ. "ಅದಕ್ಕೇ ಮೀಸೆ ಬರೆದು ಕಟ್ಟಿ."