ಮೂರು ಹತ್ತರ ಶೇಷಮ್ಮ ಮೋಟಾರ್ಸ್

ಒಂದು ಕಂಪ್ಯೂಟರಿಗೆ ಏನೆಂದು ಹೆಸರಿಡಬೇಕು ಎಂಬ ಗಂಭೀರ ಪ್ರಶ್ನೆಯನ್ನು ಭದ್ರಾವತಿ ಪಟ್ಟಣವು ಎರಡು ಸಾವಿರದ ಏಳನೇ ಇಸವಿಯ ಜುಲೈ ತಿಂಗಳಲ್ಲಿ ಎದುರಿಸಬೇಕಾಯಿತು. ಊರಿನ ಮುಂದೆ ಬೇರೆ ಪ್ರಶ್ನೆಗಳೂ ಇದ್ದವು. ಆದರೆ ಅವುಗಳಿಗೆ ಶಾಸಕರು, ಸಮಿತಿಗಳು, ಪತ್ರಿಕಾ ಹೇಳಿಕೆಗಳು ಇದ್ದವು. ಈ ಪ್ರಶ್ನೆಗೆ ಇದ್ದವಳು ಹೇಮಶ್ರೀ ಒಬ್ಬಳೇ.

ಹೇಮಶ್ರೀ ಶಿವಮೊಗ್ಗದ ರಾಗಿಗುಡ್ಡದಲ್ಲಿದ್ದ ಎರಡು ಕೋಣೆಯ ಕಂಪನಿಯೊಂದರ ಏಕೈಕ ಪ್ರೋಗ್ರಾಮರ್. ಒಂದು ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಯುತ್ತಿತ್ತು, ಇನ್ನೊಂದರಲ್ಲಿ ಭವಿಷ್ಯ. ಅವಳು ಮೂರು ವರ್ಷ ಮೊದಲ ಕೋಣೆಯಲ್ಲಿ ನಿಂತು ಅಕ್ಷರವನ್ನು ದಪ್ಪ ಮಾಡುವುದು ಹೇಗೆ, ಓರೆ ಮಾಡುವುದು ಹೇಗೆ ಎಂದು ಹೇಳಿಕೊಟ್ಟಿದ್ದಳು. ಎರಡು ತಿಂಗಳ ಹಿಂದಷ್ಟೇ ಮಾಲೀಕ ಕಾಂತರಾಜ್ ಅವಳನ್ನು ಎರಡನೇ ಕೋಣೆಗೆ ಬಡ್ತಿ ಕೊಟ್ಟು ಕಳಿಸಿದ್ದರು. ಅಲ್ಲಿ ಅವಳು ಮೊಬೈಲ್ ಫೋನಿನಲ್ಲಿ ಶಿವಮೊಗ್ಗ–ಭದ್ರಾವತಿ ಖಾಸಗಿ ಬಸ್ಸುಗಳ ವೇಳೆ ತೋರಿಸುವ ಪುಟ್ಟ ಪ್ರೋಗ್ರಾಂ ಒಂದನ್ನು ಬರೆದಿದ್ದಳು. ಬಸ್ ಮಾಲೀಕರ ಸಂಘ ಅದನ್ನು ಒಪ್ಪಿಕೊಳ್ಳಬೇಕಿತ್ತು.

ಸಂಘದ ಅಧ್ಯಕ್ಷರು, ನಾಲ್ಕು ಬಸ್ಸುಗಳ ಒಡೆಯ ಷಡಕ್ಷರಪ್ಪ. ಅವರದು ಒಂದೇ ಷರತ್ತು.

"ನೋಡು ತಾಯಿ, ಒಬ್ಬನ ಫೋನಲ್ಲಿ ಬಂದು ಇನ್ನೊಬ್ಬನ ಫೋನಲ್ಲಿ ಬರ್ಲಿಲ್ಲ ಅಂದ್ರೆ ಪ್ಯಾಸೆಂಜರ್ ಬೈಯೋದು ನಿನ್ನನ್ನಲ್ಲ, ನನ್ ಕಂಡಕ್ಟರ್‌ನ. ಎಂಥಾ ಡಬ್ಬಾ ಫೋನಾದ್ರೂ ಓಡ್ಬೇಕು. ಶನಿವಾರ ಮೀಟಿಂಗಲ್ಲಿ ತೋರ್ಸು."

ಕಾಂತರಾಜ್ ಇದನ್ನು ಇನ್ನಷ್ಟು ಸರಳಗೊಳಿಸಿದರು. "ಶನಿವಾರ ಅವರು ಹೂಂ ಅಂದ್ರೆ ನಮ್ಗೂ ಮೊಬೈಲ್ ಡಿವಿಜನ್ ಅಂತ ಒಂದಾಯ್ತು. ಇಲ್ಲ ಅಂದ್ರೆ ಸೋಮವಾರದಿಂದ ಬೆಳಗಿನ ಬ್ಯಾಚ್ ಮತ್ತೆ ನಿನ್ದೇ ಮಾರಾಯ್ತಿ."

ಎಂಥಾ ಡಬ್ಬಾ ಫೋನಾದರೂ ಎಂದರೆ ಎಲ್ಲ ಬಗೆಯ ಫೋನುಗಳೂ ಬೇಕು. ಕಂಪನಿಯಲ್ಲಿದ್ದದ್ದು ಎರಡು, ಅದರಲ್ಲಿ ಒಂದು ಕಾಂತರಾಜರ ಕಿವಿಯಲ್ಲೇ ಇರುತ್ತಿತ್ತು. ಹಾಗಾಗಿ ಹೇಮಶ್ರೀ ಭದ್ರಾವತಿ ಬಸ್ ಸ್ಟ್ಯಾಂಡ್ ಪಕ್ಕದ ಅಬ್ಬಾಸ್ ಅಲಿಯವರ ಅಂಗಡಿಗೆ ಹೋದಳು. ರೇಡಿಯೊ ಕಾಲದಿಂದ ನಡೆದುಬಂದ ರಿಪೇರಿಯ ಜೊತೆಗೆ ಹಳೇ ಫೋನುಗಳ ಮಾರಾಟವೂ ಇದ್ದ ಆ ಅಂಗಡಿಯ ಗಾಜಿನ ಕಪಾಟಿನಲ್ಲಿ ಇಪ್ಪತ್ಮೂರು ಫೋನುಗಳು ಸಾಲಾಗಿ ಮಲಗಿದ್ದವು.

"ತಗೋ ಬೇಟಿ. ಹೆಂಗೂ ಸುಮ್ನೆ ಬಿದ್ದಾವೆ, ಸ್ವಲ್ಪ ಕೆಲ್ಸ ಮಾಡ್ಲಿ" ಎಂದರು ಅಬ್ಬಾಸ್ ಅಲಿ.

ಇಪ್ಪತ್ಮೂರು ಫೋನಿಗೂ ಒಂದೊಂದಾಗಿ ಕೇಬಲ್ ಸಿಕ್ಕಿಸಿ ಪ್ರೋಗ್ರಾಂ ಹಾಕಲು ಮೂರು ಗಂಟೆ ಹಿಡಿಯುತ್ತಿತ್ತು. ಹಾಕಿದ ಮೇಲೆ ಒಂದು ತಪ್ಪು ಕಾಣುತ್ತಿತ್ತು. ತಿದ್ದಿದರೆ ಮತ್ತೆ ಮೂರು ಗಂಟೆ. ಎರಡು ದಿನ ಹೀಗೆ ಕಳೆದ ಮೇಲೆ ಹೇಮಶ್ರೀ ಈ ಕೆಲಸವನ್ನೇ ಮಾಡುವ ಇನ್ನೊಂದು ಪ್ರೋಗ್ರಾಂ ಬರೆದಳು. ಅವಳು ರಾಗಿಗುಡ್ಡದಲ್ಲಿ ಕೂತು ಹೊಸ ಪ್ರತಿಯನ್ನು ಇಂಟರ್ನೆಟ್ಟಿಗೆ ಏರಿಸಿದರೆ ಸಾಕು. ಅಬ್ಬಾಸ್ ಅಲಿಯವರ ಅಂಗಡಿಯ ಕಂಪ್ಯೂಟರ್ ಅದನ್ನು ತಾನೇ ಇಳಿಸಿಕೊಂಡು, ಬ್ಲೂಟೂತ್ ಮೂಲಕ ಕಪಾಟಿನ ಫೋನುಗಳಿಗೆಲ್ಲ ತಾನೇ ಹಂಚಿ, ಯಾರ್ಯಾರು ತೆಗೆದುಕೊಂಡರು ಎಂದು ಪಟ್ಟಿಯನ್ನೂ ಬರೆದಿಡುತ್ತಿತ್ತು.

ಮೊದಲು ಅದು ಇಪ್ಪತ್ಮೂರು ಫೋನುಗಳ ಗುರುತು ಹಿಡಿದು ಅವಕ್ಕೆ ಮಾತ್ರ ಕಳಿಸುತ್ತಿತ್ತು. ಆದರೆ ಕಪಾಟು ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುತ್ತಿರಲಿಲ್ಲ.

"ನಿನ್ ಏಳನೇ ನಂಬರ್ ಫೋನು ಸೀಗೆಬಾಗಿಗೆ ಮದ್ವೆ ಆಗಿ ಹೋಯ್ತು ಬೇಟಿ. ಬದ್ಲಿಗೆ ಎರಡು ಬಂದಾವೆ, ನೋಡು."

ಬೇಸತ್ತ ಹೇಮಶ್ರೀ ಗುರುತಿನ ಪಟ್ಟಿಯನ್ನೇ ತೆಗೆದುಹಾಕಿ, ಸುತ್ತಮುತ್ತ ಕಂಡ ಫೋನಿಗೆಲ್ಲ ಕಳಿಸು ಎಂದು ಬರೆದಳು. ಹಿಂದಿನ ಸಾಲಿಗೆ ಸರಿಯಾಗಿ ತಲುಪುತ್ತಿಲ್ಲವೆಂದು ಅಬ್ಬಾಸ್ ಅಲಿ ಬೆಂಗಳೂರಿನಿಂದ ದೊಡ್ಡ ಆಂಟೆನಾದ ಬ್ಲೂಟೂತ್ ತರಿಸಿದರು. ನೂರು ಮೀಟರ್ ಎಂದು ಡಬ್ಬಿಯ ಮೇಲೆ ಬರೆದಿತ್ತು. ಡಬ್ಬಿಯ ಮೇಲೆ ಬರೆದದ್ದನ್ನು ಅವರಿಬ್ಬರೂ ನಂಬುವ ಪೈಕಿ ಆಗಿರಲಿಲ್ಲ.

ಉಳಿದದ್ದು ಹೆಸರಿನ ಪ್ರಶ್ನೆ. ಏನೇ ಬಂದರೂ ಫೋನು ಮೊದಲು ಕೇಳುತ್ತಿತ್ತು: ಇಂಥವರಿಂದ ಏನೋ ಬಂದಿದೆ, ತಗೊಳ್ಳುವುದೋ ಬೇಡವೋ? ಕಪಾಟಿನ ಫೋನುಗಳ ಪರವಾಗಿ ಉತ್ತರ ಒತ್ತುವ ಕೆಲಸ ಅಬ್ಬಾಸ್ ಅಲಿಯವರ ಹೆಂಡತಿ ಅಮೀರುನ್ನೀಸಾ ಅವರದು. ಫೋನಿನಲ್ಲಿ ಕಾಣುತ್ತಿದ್ದ ಕಂಪ್ಯೂಟರಿನ ಹೆಸರು 'ಟೆಸ್ಟ್ ಪಿಸಿ ಒಂದು' ಎಂದಿತ್ತು. ಅವರು ಇಪ್ಪತ್ಮೂರಕ್ಕೂ ಬೇಡ ಎಂದು ಒತ್ತಿದರು.

"ಯಾಕೆ ಆಂಟಿ?"

"ಗೊತ್ತಿಲ್ದೋರ ಕೈಯಿಂದ ನಾನು ಏನೂ ತಗೊಳ್ಳಲ್ಲಮ್ಮ. ಯಾರದು ಟೆಸ್ಟು?"

"ನನ್ ಹೆಸರು ಹಾಕು ಬೇಟಿ. ಈ ಊರಲ್ಲಿ ಯಾರೂ ಬೇಡ ಅನ್ನಲ್ಲ" ಎಂದರು ಅಬ್ಬಾಸ್ ಅಲಿ.

"ನಾನು ಅಂತೀನಲ್ಲ, ದಿನಾ" ಎಂದರು ಅಮೀರುನ್ನೀಸಾ. ಆದರೂ ಹೆಸರು ಅದೇ ಆಯಿತು.

ಅಬ್ಬಾಸ್ ಅಲಿ ಹೇಳಿದ್ದು ಜಂಬವಾಗಿರಲಿಲ್ಲ. ದಿನಾ ಬಸ್ಸಿನಲ್ಲಿ ಓಡಾಡುವವರಿಗೆಲ್ಲ ಆ ಅಂಗಡಿಯೇ ಅಂಚೆಪೆಟ್ಟಿಗೆ. ಮರೆತ ಬುತ್ತಿ, ಮನೆಯ ಬೀಗದಕೈ, ನಾದಿನಿಯ ಬ್ಲೌಸ್ ಪೀಸು, ಹುಡುಗಿ ನೋಡಲು ಹೋಗುವವರಿಗೆ ಕೊಡಬೇಕಾದ ಜಾತಕ ಎಲ್ಲವೂ "ಅಬ್ಬಾಸ್ ಹತ್ರ ಕೊಟ್ಟಿರ್ತೀನಿ, ಇಸ್ಕೋ" ಎಂಬ ಒಂದೇ ಮಾತಿನಲ್ಲಿ ಕೈ ಬದಲಾಯಿಸುತ್ತಿದ್ದವು. ಅಂಗಡಿಯ ಒಂದು ಗೋಡೆ ಪೂರ್ತಿ ಇಂಥ ಗಂಟುಗಳೇ.

ಗುರುವಾರ ಹೇಮಶ್ರೀ ಒಂದು ಕಠಿಣ ಪರೀಕ್ಷೆ ಮಾಡಲು ಹೊರಟಳು. ಉದ್ದ ಹೆಸರು ಬಂದರೆ, ವಿಚಿತ್ರ ವೇಳೆ ಬಂದರೆ ಸಣ್ಣ ಪರದೆಯಲ್ಲಿ ಹೇಗೆ ಕಾಣುತ್ತದೆ? ನಿಜವಾದ ಬಸ್ಸುಗಳ ಜೊತೆಗೆ ಒಂದು ಕಲ್ಪಿತ ಬಸ್ಸನ್ನೂ ಸೇರಿಸಿದಳು. ಶ್ರೀ ಶೇಷಮ್ಮ ಮೋಟಾರ್ಸ್, ನಾನ್‌ಸ್ಟಾಪ್: ಭದ್ರಾವತಿ ಮೂರು ಹತ್ತು, ಶಿವಮೊಗ್ಗ ಮೂರು ಇಪ್ಪತ್ತೈದು. ಶೇಷಮ್ಮ ಅವಳ ಅಜ್ಜಿ. ಹದಿನೈದು ನಿಮಿಷದಲ್ಲಿ ಶಿವಮೊಗ್ಗ ತಲುಪುವುದು ಯಾವ ಬಸ್ಸಿನಿಂದಲೂ ಸಾಧ್ಯವಿರಲಿಲ್ಲ, ಅಜ್ಜಿಯಿಂದಂತೂ ಇಲ್ಲವೇ ಇಲ್ಲ. ಒಂದು ಗಂಟೆಗೆ ಪ್ರತಿಯನ್ನು ಏರಿಸಿ ಅವಳು ಊಟಕ್ಕೆ ಹೋದಳು.

ಮೂರೂಕಾಲಿಗೆ ಅಬ್ಬಾಸ್ ಅಲಿಯವರ ಫೋನು ಬಂತು.

"ಬೇಟಿ, ಈ ಶೇಷಮ್ಮ ಬಸ್ ಯಾವ ಕಡೆ ನಿಲ್ಲುತ್ತೆ? ಜನ ನನ್ನ ಕೇಳ್ತಾ ಇದಾರೆ."

"ಯಾವ ಜನ?"

"ಸ್ಟ್ಯಾಂಡಲ್ಲಿರೋ ಜನ. ಎಲ್ಲಾ ಜನ."

ನೂರು ಮೀಟರ್ ಎಂದು ಡಬ್ಬಿಯ ಮೇಲೆ ಬರೆದದ್ದು ನಿಜವಾಗಿತ್ತು. ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಬಂದವರ ಜೇಬುಗಳಲ್ಲೆಲ್ಲ ಫೋನು ಗುಂಯ್‌ಗುಟ್ಟಿ, ಅಬ್ಬಾಸ್ ಅಲಿಯಿಂದ ಏನೋ ಬಂದಿದೆ ಎಂದಿತ್ತು. ಮನೆಯಿಂದ ಯಾರೋ ಏನೋ ಕೊಟ್ಟಿರಬೇಕು ಎಂದುಕೊಂಡು ಎಲ್ಲರೂ ತೆಗೆದುಕೊಂಡರು. ಮೊದಮೊದಲು ಕೆಲವರು ಅಂಗಡಿಗೇ ಬಂದು "ನಂದೇನೋ ಬಂದಿದ್ಯಂತಲ್ಲ ಭಾಯ್, ಕೊಡಿ" ಎಂದು ಕೈಚಾಚಿದ್ದರು. ಆಮೇಲೆ ತೆರೆದು ನೋಡಿದರೆ ಬಸ್ಸಿನ ವೇಳಾಪಟ್ಟಿ. ಅದರಲ್ಲಿ ಹದಿನೈದೇ ನಿಮಿಷದ ಬಸ್ಸು.

ಮೂರು ಐದಕ್ಕೆ ಹೊರಡುವ ಷಡಕ್ಷರಪ್ಪನವರ ಬಸ್ಸಿನ ಕಂಡಕ್ಟರ್ "ಶಿಮೊಗ್ಗ ಶಿಮೊಗ್ಗ ಶಿಮೊಗ್ಗ" ಎಂದು ಗಂಟಲು ಹರಿದುಕೊಂಡ. ಒಬ್ಬರೂ ಅಲ್ಲಾಡಲಿಲ್ಲ.

"ಹೋಗಪ್ಪಾ ನೀನು, ದಾರೀಲಿ ನಿದಿಗೇಲಿ ಟೀ ಕುಡ್ಕೊಂಡು ನಿಧಾನಕ್ಕೆ ಬಾ. ನಾವು ಶೇಷಮ್ಮಂಗೆ ಬರ್ತೀವಿ" ಎಂದನೊಬ್ಬ.

ಬಸ್ಸು ಖಾಲಿ ಹೋಯಿತು. ಹೇಮಶ್ರೀ ಭದ್ರಾವತಿ ತಲುಪುವಷ್ಟರಲ್ಲಿ ಷಡಕ್ಷರಪ್ಪ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದರು.

"ಯಾರಮ್ಮ ಈ ಶೇಷಮ್ಮ? ಪರ್ಮಿಟ್ ಯಾವಾಗ ತಗೊಂಡ್ರು? ಎಷ್ಟು ಗಾಡಿ ಇದಾವೆ?"

"ನನ್ ಅಜ್ಜಿ ಸರ್."

"ಅಜ್ಜಿ ಆಗ್ಲಿ, ಮುತ್ತಜ್ಜಿ ಆಗ್ಲಿ. ಗಾಡಿ ಎಷ್ಟು?"

"ಅಜ್ಜಿಗೆ ಬಸ್ ಹತ್ತಿದ್ರೆ ವಾಂತಿ ಬರುತ್ತೆ ಸರ್. ಒಂದೂ ಇಲ್ಲ. ಟೆಸ್ಟಿಗೆ ಅಂತ ಹಾಕಿದ್ದು."

ಇಲ್ಲದ ಬಸ್ಸಿನ ಎದುರು ತಮ್ಮ ಇರುವ ಬಸ್ಸು ಸೋತಿತೆಂಬುದು ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸಿಟ್ಟು ಕಡಿಮೆಯೇನೂ ಆಗಲಿಲ್ಲ. ಹೇಮಶ್ರೀ ಕಂಪ್ಯೂಟರ್ ಬರೆದಿಟ್ಟ ಪಟ್ಟಿ ತೋರಿಸಿದಳು: ಇನ್ನೂರ ಹದಿನಾಲ್ಕು ಫೋನು, ಅರವತ್ತು ಬಗೆ. ತೆರೆದು ಓದಿದ್ದರಿಂದಲೇ ಅಲ್ಲವೇ ಜನ ನಿಂತದ್ದು?

"ಓಡ್ತು ಕಣಮ್ಮ, ಒಪ್ಪಿದೆ. ನನ್ ಬಸ್ ಓಡ್ಲಿಲ್ವಲ್ಲ. ನಾಳೆ ಮೂರು ಗಂಟೆ ಒಳಗೆ ಅಷ್ಟೂ ಜನರ ಫೋನಿಂದ ನಿಮ್ ಅಜ್ಜಿ ಇಳೀಬೇಕು. ಇಳೀಲಿಲ್ಲ ಅಂದ್ರೆ ಶನಿವಾರ ಮೀಟಿಂಗಿಗೆ ಬರೋ ಶ್ರಮ ತಗೋಬೇಡಿ."

ಶುಕ್ರವಾರ ಬೆಳಗ್ಗೆ ಏಳಕ್ಕೇ ಹೇಮಶ್ರೀ ಅಂಗಡಿಯಲ್ಲಿದ್ದಳು. ಅಜ್ಜಿಯನ್ನು ತೆಗೆದು, ನಿಜವಾದ ವೇಳೆಗಳನ್ನಷ್ಟೇ ಉಳಿಸಿದ ಹೊಸ ಪ್ರತಿ ತಯಾರಾಗಿತ್ತು. ಅದನ್ನು ತೆಗೆದುಕೊಂಡರೆ ಹಳೆಯದು ತಾನೇ ಅಳಿಯುತ್ತಿತ್ತು. ದಿನಾ ಓಡಾಡುವವರೆಲ್ಲ ಸ್ಟ್ಯಾಂಡಿಗೆ ಬಂದರು. ಫೋನುಗಳು ಗುಂಯ್‌ಗುಟ್ಟಿದವು. ಅಬ್ಬಾಸ್ ಅಲಿಯಿಂದ ಏನೋ ಬಂದಿದೆ.

ಎಲ್ಲರೂ ಬೇಡ ಎಂದು ಒತ್ತಿದರು.

"ಭಾಯ್, ನೆನ್ನೆ ಇಲ್ದಿರೋ ಬಸ್ ಹತ್ಸಿದ್ರಿ. ಇವತ್ತೇನು, ವಿಮಾನಾನಾ?" ಎಂದು ಒಬ್ಬ ಅಂಗಡಿಯೊಳಗೆ ತಲೆ ಹಾಕಿ ಕೇಳಿ ಹೋದ. ಇಪ್ಪತ್ತು ವರ್ಷದ ನಂಬಿಕೆ ಒಂದು ಮಧ್ಯಾಹ್ನಕ್ಕೆ ಕರಗಿದ್ದನ್ನು ಕಂಡು ಅಬ್ಬಾಸ್ ಅಲಿ ಸ್ಕ್ರೂಡ್ರೈವರ್ ಕೆಳಗಿಟ್ಟರು. ಪಟ್ಟಿಯಲ್ಲಿ ಹೊಸ ಪ್ರತಿ ತೆಗೆದುಕೊಂಡವರು ಒಂಬತ್ತೇ ಮಂದಿ.

ಹೇಮಶ್ರೀ ಕಂಪ್ಯೂಟರಿನ ಹೆಸರನ್ನು 'ಷಡಕ್ಷರಪ್ಪ' ಎಂದು ಬದಲಿಸಿದಳು. ಅಧ್ಯಕ್ಷರ ಹೆಸರಿಗೊಂದು ತೂಕವಿರಬೇಕೆಂಬುದು ಅವಳ ಲೆಕ್ಕ. ತೂಕವೇನೋ ಇತ್ತು. ಟಿಕೆಟ್ ದರ ಏರಿಸಿರಬೇಕು ಎಂದುಕೊಂಡು ಜನ ಫೋನನ್ನೇ ಆರಿಸಿ ಜೇಬಿಗಿಟ್ಟರು. ಒಂದು ಗಂಟೆಯಲ್ಲಿ ತೆಗೆದುಕೊಂಡವರು ನಾಲ್ಕು ಮಂದಿ. ನಾಲ್ವರೂ ಅವರದೇ ಡ್ರೈವರು, ಕಂಡಕ್ಟರುಗಳು.

ಹನ್ನೆರಡಾಯಿತು. ಕಾಂತರಾಜ್ ಎರಡು ಸಲ ಫೋನು ಮಾಡಿ, ಬೆಳಗಿನ ಬ್ಯಾಚಿಗೆ ಹದಿನಾರು ಮಂದಿ ಸೇರಿದ್ದಾರೆಂದು ತಿಳಿಸಿದರು. ಹೇಮಶ್ರೀ ಕೀಬೋರ್ಡಿನ ಮೇಲೆ ಹಣೆ ಇಟ್ಟಳು. ಪರದೆಯ ತುಂಬ ಒಂದೇ ಅಕ್ಷರ ಓಡಿತು.

ಗೋಡೆಯ ಗಂಟುಗಳನ್ನು ಜೋಡಿಸುತ್ತಿದ್ದ ಅಮೀರುನ್ನೀಸಾ ತಿರುಗಿ ಕೇಳಿದರು. "ಬೆಳಗ್ಗೆಯಿಂದ ಇಲ್ಲಿಗೆ ಬಂದೋರೆಲ್ಲ ಯಾರನ್ನ ಕೇಳಿದ್ರಮ್ಮ?"

"ಯಾರನ್ನ?"

"ನಿನ್ ಅಜ್ಜೀನ. ಶೇಷಮ್ಮ ಎಲ್ಲಿ, ಶೇಷಮ್ಮ ಎಲ್ಲಿ ಅಂತ. ಬೈಯೋಕೆ ಒಬ್ರು, ಇವತ್ತು ಬರುತ್ತಾ ಅಂತ ಇನ್ನೊಬ್ರು. ಅವರ ಹೆಸರೇ ಹಾಕು. ನಾವು ಹುಡುಕ್ತಾ ಇರೋರು ತಾವಾಗೇ ಬಂದ್ರೆ ಯಾರಾದ್ರೂ ಬೇಡ ಅಂತಾರಾ?"

ಅಬ್ಬಾಸ್ ಅಲಿ ಹೆಂಡತಿಯ ಮುಖ ನೋಡಿದರು. "ಇದನ್ನ ಬೆಳಗ್ಗೇನೇ ಹೇಳ್ಬಾರ್ದಿತ್ತಾ?"

"ಬೆಳಗ್ಗೆ ನೀವು ನಿಮ್ಮ ಹೆಸರಿನ ದುಃಖದಲ್ಲಿ ಇದ್ರಿ."

ಹನ್ನೆರಡೂಕಾಲಿಗೆ ಸ್ಟ್ಯಾಂಡಿನ ಫೋನುಗಳು ಗುಂಯ್‌ಗುಟ್ಟಿದವು. ಶೇಷಮ್ಮ ಅವರಿಂದ ಏನೋ ಬಂದಿದೆ. "ಏ, ಸಿಕ್ಕಿದ್ಲು ನೋಡೋ!" ಎಂದು ಯಾರೋ ಕೂಗಿದರು. ಬೈಯಬೇಕಿದ್ದವರೂ ಕಾಯುತ್ತಿದ್ದವರೂ ಒಟ್ಟಿಗೆ ಒತ್ತಿದರು. ಮೊದಲ ಪಾಳಿ ಮುಗಿಸಿ ಬಂದವರು, ಕಾಲೇಜು ಬಿಟ್ಟು ಬಂದವರು, ಶಿವಮೊಗ್ಗದಿಂದ ಇಳಿದವರು ಎಲ್ಲರೂ ಒತ್ತಿದರು. ತೆರೆದು ನೋಡಿದರೆ ಶೇಷಮ್ಮ ಇರಲಿಲ್ಲ. ಮೂರು ಐದರ ಬಸ್ಸು ಇತ್ತು.

ಎರಡು ಐವತ್ತಕ್ಕೆ ಹೇಮಶ್ರೀ ಪಟ್ಟಿ ನೋಡಿದಳು. ನಿನ್ನೆಯ ಇನ್ನೂರ ಹದಿನಾಲ್ಕರಲ್ಲಿ ಇನ್ನೂರ ಆರು. ಉಳಿದ ಎಂಟರಲ್ಲಿ ಒಂದು ಷಡಕ್ಷರಪ್ಪನವರದೇ ಎಂದು ತಿಳಿದು, ಅಷ್ಟರಲ್ಲಿ ಅಂಗಡಿಗೆ ಬಂದಿದ್ದ ಅವರ ಫೋನನ್ನು ಇಸಿದುಕೊಂಡು ತಾನೇ ಒತ್ತಿದಳು. ಅವರು ಕನ್ನಡಕ ಏರಿಸಿ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರು.

"ಏಳು ಜನ ಹೆಚ್ಚು ಕಮ್ಮಿ ಆಗ್ಲಿ ಬಿಡು" ಎಂದರು.

ಮೂರು ಐದರ ಬಸ್ಸು ನಿಲ್ಲಲೂ ಜಾಗವಿಲ್ಲದಂತೆ ತುಂಬಿ ಹೊರಟಿತು. ಶನಿವಾರ ಸಂಘ ಪ್ರೋಗ್ರಾಮನ್ನು ಒಪ್ಪಿಕೊಂಡಿತು. ಸೋಮವಾರದ ಬೆಳಗಿನ ಬ್ಯಾಚನ್ನು ಕಾಂತರಾಜ್ ತಾವೇ ತೆಗೆದುಕೊಂಡರು.